ಮದರಾಸು ಫಲಕದ ಹಿಂದಿನ ಕನ್ನಡ

ಪರವೂರಿಗೆ ಬಂದ ಕನ್ನಡಿಗರು ಮೊದಲು ಹುಡುಕುವುದು ಮನೆ, ಆಮೇಲೆ ಮಕ್ಕಳಿಗೆ ಶಾಲೆ, ಆಮೇಲೆ ಸಂಘ. ಪುಣೆಯ ದಕ್ಷಿಣಕ್ಕಿರುವ ಕೊಂಢವಾದಲ್ಲಿ ನೆಲೆಸಿದ ನಮ್ಮ ಸಂಸಾರಗಳೂ ಇದಕ್ಕೆ ಹೊರತಲ್ಲ. ಕನ್ನಡದ ನೆನಪಾದರೆ ಅವರ ಮನಸ್ಸು ಊರಿನ ಆಚೆ ಬದಿಯ ಎರಂಡವಣೆಗೆ, ಕನ್ನಡ ಸಂಘದ ಡಾ. ಕಲ್ಮಾಡಿ ಶ್ಯಾಮರಾವ್ ಶಾಲೆಯ ಕಡೆಗೆ ಓಡುತ್ತದೆ. ಆದರೆ ಮನೆಯ ತಿರುವಿನಲ್ಲೇ ‘ಉಡುಪಿ’ ಎಂಬ ಫಲಕ ಹೊತ್ತು ನಿಂತ ಪುಟ್ಟ ಹೋಟೆಲನ್ನು ಯಾರೂ ಕನ್ನಡದ ಸಂಸ್ಥೆಯೆಂದು ಎಣಿಸುವುದಿಲ್ಲ. ಗಲ್ಲಾದ ಮುಂದೆ ನಿಂತು, “ನಿಮ್ಮ ಊರು ಯಾವುದು?” ಎಂದು ಕನ್ನಡದಲ್ಲಿ ಕೇಳಿದವರಿಗೆ ಮಾತ್ರ ಕಾರ್ಕಳದ್ದೋ ಕುಂದಾಪುರದ್ದೋ ಕಥೆಯೊಂದು ತೆರೆದುಕೊಳ್ಳುತ್ತದೆ. ಅದು ಒಬ್ಬರ ಕಥೆಯಲ್ಲ. ಹೊರನಾಡ ಕನ್ನಡಿಗರ ಚರಿತ್ರೆಯಲ್ಲಿ ಬರೆಯದೆ ಉಳಿದ ಅಧ್ಯಾಯ.

ಈ ಅಧ್ಯಾಯ ಕಣ್ಣಿಗೆ ಬೀಳದಿರಲು ಒಂದು ಕಾರಣ ಹಳೆಯ ಫಲಕಗಳಲ್ಲೇ ಇದೆ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿನ ಆಡಳಿತಕ್ಕೆ ಸೇರಿತ್ತು. ಅಲ್ಲಿಂದ ಬಂದವರು ತಮ್ಮ ಹೋಟೆಲಿಗೆ ‘ಮದರಾಸು’ ಎಂದು ಹೆಸರಿಟ್ಟರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೇಲಾಗಿ ಇಲ್ಲಿನ ಗಿರಾಕಿಗೆ ಮದರಾಸು ಗೊತ್ತು, ಕಾರ್ಕಳ ಗೊತ್ತಿಲ್ಲ. ಹೀಗಾಗಿ ಇಡ್ಲಿ–ದೋಸೆ ಮಾಡುವವರೆಲ್ಲ ‘ಮದ್ರಾಸಿ’ಗಳೆಂಬ ಮಾತು ಬೇರೂರಿತು. ರಾಜ್ಯಗಳ ಪುನರ್ವಿಂಗಡಣೆಯಿಂದ ಜಿಲ್ಲೆ ಮೈಸೂರಿಗೆ ಸೇರಿದರೂ ಆ ಮಾತು ಬದಲಾಗಲಿಲ್ಲ. ನಕ್ಷೆಯನ್ನು ತಿದ್ದಿದಷ್ಟು ಸುಲಭವಾಗಿ ನಾಲಗೆಯನ್ನು ತಿದ್ದಲಾಗದು.

ಪುಣೆಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’, ‘ರೂಪಾಲಿ’ಗಳನ್ನು ಅರಿಯದ ಪುಣೇಕರರಿಲ್ಲ. ‘ರೂಪಾಲಿ’ಯ ಮೊದಲ ಹೆಸರು ‘ಕೆಫೆ ಮದ್ರಾಸ್’. ‘ವೈಶಾಲಿ’ಯದು ‘ಮದ್ರಾಸ್ ಹೆಲ್ತ್ ಹೋಮ್’. ಇವೆರಡನ್ನೂ ಬೆಳೆಸಿದವರು ಜಗನ್ನಾಥ ಶೆಟ್ಟರು. ಎಳೆಯ ವಯಸ್ಸಿನಲ್ಲೇ ಊರು ಬಿಟ್ಟು, ಕಲ್ಯಾಣದಲ್ಲಿ ಬಂಧುಗಳ ಹೋಟೆಲಿನಲ್ಲಿ ದುಡಿದು, 1949ರ ಸುಮಾರಿಗೆ ಪುಣೆಗೆ ಬಂದವರು ಅವರು. ಕಾಲೇಜು ಹುಡುಗರ ಮೂರು ನಾಲ್ಕು ತಲೆಮಾರುಗಳು ಅವರ ಮೇಜುಗಳ ಸುತ್ತ ಕುಳಿತು ಕಾಫಿ ಕುಡಿದವು. ಇಡ್ಲಿ–ದೋಸೆಯ ಜೊತೆಗೆ ಸೇವು, ಬಟಾಟೆ, ಮೊಸರು, ಪೂರಿ ಸೇರಿದ ‘ಎಸ್.ಪಿ.ಡಿ.ಪಿ.’ ಅಲ್ಲಿನ ವಿಶೇಷವಾಯಿತು. 2023ರ ನವೆಂಬರಿನಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ಶೆಟ್ಟರು ತೀರಿಕೊಂಡಾಗ ಇಡೀ ಪುಣೆ ತನ್ನವರನ್ನೇ ಕಳೆದುಕೊಂಡಂತೆ ಮರುಗಿತು. ಪರವೂರಿನಲ್ಲಿ ಬಾಳಿದವರಿಗೆ ಇದಕ್ಕಿಂತ ದೊಡ್ಡ ಗೌರವ ಇನ್ನೇನಿದೆ?

ಹೋಟೆಲಿಗರ ಈ ವಲಸೆಯ ಮೂಲ ಉಡುಪಿಯಲ್ಲಿದೆ. ಶ್ರೀಕೃಷ್ಣ ಮಠದ ನಿತ್ಯದ ಅನ್ನಸಂತರ್ಪಣೆಯಿಂದಾಗಿ ಸಾವಿರಾರು ಜನರಿಗೆ ಅಡಿಗೆ ಮಾಡುವ ವಿದ್ಯೆ ಅಲ್ಲಿ ಪಳಗಿತ್ತು. ಮೊದಲು ಹೊರಟವರಲ್ಲಿ ಶಿವಳ್ಳಿ ಬ್ರಾಹ್ಮಣರು ಹೆಚ್ಚು. ಬಳಿಕ ಬಂಟರು, ಗೌಡ ಸಾರಸ್ವತರು, ಬಿಲ್ಲವರು, ದೇವಾಡಿಗರು ಎಲ್ಲರೂ ಬಂದರು. ಕಡಂದಲೆಯ ಕೆ. ಕೃಷ್ಣರಾಯರು ಮದರಾಸಿನಲ್ಲಿ ‘ವುಡ್‌ಲ್ಯಾಂಡ್ಸ್’ ಕಟ್ಟಿದರು. ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ‘ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್’ ತೆರೆದು, ಊರು ಬಿಟ್ಟು ಬಂದವರಿಗೆ ಬಾಳೆ ಎಲೆಯ ಊಟ ಬಡಿಸಿದರು.

ಇವರೆಲ್ಲ ಸುಖಕ್ಕಾಗಿ ಊರು ಬಿಟ್ಟವರಲ್ಲ. 1923ರ ದೊಡ್ಡ ನೆರೆ ಕರಾವಳಿಯ ಎಷ್ಟೋ ಮನೆಗಳನ್ನು ಬರಿದು ಮಾಡಿತ್ತು. ಸಣ್ಣ ಹಿಡುವಳಿ, ದೊಡ್ಡ ಸಂಸಾರ. ಹುಡುಗನಿಗೆ ಹತ್ತು ಹನ್ನೆರಡು ತುಂಬುತ್ತಲೇ ಮಂಗಳೂರಿನಿಂದ ಹಡಗು ಹತ್ತಿಸಿ ಮುಂಬಯಿಗೆ ಕಳಿಸುತ್ತಿದ್ದರು. ಮುಂದೆ 1974ರ ಭೂಸುಧಾರಣೆಯ ಕಾಲದಲ್ಲಿ ಗೇಣಿಯನ್ನೇ ನಂಬಿದ್ದ ಮನೆಗಳಿಂದಲೂ ಮಕ್ಕಳು ಹೊರಟರು. ಬಂದ ಹುಡುಗ ಮೊದಲು ಕಪ್ಪು–ಬಸಿ ತೊಳೆಯಬೇಕು, ಮೇಜು ಒರೆಸಬೇಕು. ಆಮೇಲೆ ಸಪ್ಲಾಯರ್, ಆಮೇಲೆ ಭಟ್ಟಿಯ ಕೆಲಸ, ಕೊನೆಗೆ ಗಲ್ಲಾ. ಮಲಗುವುದು ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳ ಮೇಲೆ. ಓದುವ ಹಂಬಲವಿದ್ದವರಿಗೆ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳಿದ್ದವು. ಒಳಗೆ ಮಾತು ತುಳು, ಗಿರಾಕಿಯೊಡನೆ ಮರಾಠಿ, ಊರಿಗೆ ಬರೆಯುವ ಕಾಗದ ಕನ್ನಡ. ಹೀಗೆ ಅಡಿಗೆಮನೆಯ ಹೊಗೆಯ ನಡುವೆಯೂ ನಮ್ಮ ಲಿಪಿ ಉಳಿಯಿತು.

ಕೊಂಢವಾಕ್ಕೂ ಈ ಕರಾವಳಿಗೂ ಇನ್ನೊಂದು ನಂಟಿದೆ. ರಿಸರ್ವ್ ಬ್ಯಾಂಕು 1969ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಬ್ಯಾಂಕ್ ಆಡಳಿತ ಸಂಸ್ಥೆಯ ಆವರಣ ಇರುವುದು ಇಲ್ಲಿಯೇ. ಅದರ ಹೆಸರಿನದೇ ರಸ್ತೆಯೂ ಇದೆ. ದೇಶದ ಬ್ಯಾಂಕ್ ಅಧಿಕಾರಿಗಳು ತರಬೇತಿಗೆ ಇಲ್ಲಿಗೆ ಬರುತ್ತಾರೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳೆಲ್ಲ ಹುಟ್ಟಿದ್ದು ಹೋಟೆಲಿನ ಹುಡುಗರು ಹೊರಟ ಅದೇ ಜಿಲ್ಲೆಯಲ್ಲಿ. ದಿನಕ್ಕೆ ಎರಡಾಣೆ ಕೂಡಿಡುವ ಪಿಗ್ಮಿ ಯೋಜನೆಯನ್ನು 1928ರಲ್ಲಿ ಆರಂಭಿಸಿದ್ದು ಸಿಂಡಿಕೇಟ್ ಬ್ಯಾಂಕು. 2019 ಮತ್ತು 2020ರ ವಿಲೀನಗಳಲ್ಲಿ ಆ ನಾಲ್ಕರಲ್ಲಿ ಮೂರು ಹೆಸರುಗಳು ಅಳಿಸಿಹೋದವು. ಕೆನರಾ ಮಾತ್ರ ಉಳಿಯಿತು. ಆದರೂ ಬ್ಯಾಂಕುಗಳಿಗೆ ವರದಿಗಳಿವೆ, ಸ್ಮರಣ ಸಂಚಿಕೆಗಳಿವೆ. ಹೆಸರು ಹೋದರೂ ಚರಿತ್ರೆ ಹೋಗದು. ತಿರುವಿನ ಹೋಟೆಲಿಗೆ ಏನಿದೆ? ಯಜಮಾನರ ನೆನಪೊಂದೇ.

ಆ ನೆನಪಿನ ಆಯುಷ್ಯವೂ ಕಡಿಮೆಯಾಗುತ್ತಿದೆ. ಹೋಟೆಲಿಗರ ಮಕ್ಕಳು ಎಂಜಿನಿಯರರೋ ಡಾಕ್ಟರರೋ ಆಗಿ ಬೇರೆ ದಾರಿ ಹಿಡಿದಿದ್ದಾರೆ. ಅದಕ್ಕಾಗಿಯೇ ಅಲ್ಲವೇ ತಂದೆ ಕಪ್ಪು ತೊಳೆದದ್ದು? ಸಂತೋಷದ ಮಾತೇ. ಆದರೆ ಬಾಗಿಲು ಮುಚ್ಚಿದ ದಿನ ಹಳೆಯ ಲೆಕ್ಕದ ಪುಸ್ತಕ, ಊರಿನ ಕಾಗದಗಳು, ಮದರಾಸಿನ ಹೆಸರು ಹೊತ್ತ ಆ ಹಳೆಯ ಫಲಕ ಎಲ್ಲವೂ ಗುಜರಿಗೆ ಹೋಗುತ್ತವೆ.

ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ ಹೋಟೆಲಿನವರಿಂದ ದೇಣಿಗೆ ಪಡೆಯುತ್ತವೆ, ಊಟ ತರಿಸುತ್ತವೆ. ಇನ್ನು ಅವರ ಮಾತನ್ನೂ ಕೇಳಿ ಬರೆದುಕೊಳ್ಳಬೇಕು. ಯಾವ ವರ್ಷ ಬಂದಿರಿ, ಯಾರ ಕೈಕೆಳಗೆ ಕಲಿತಿರಿ, ಫಲಕದ ಮೇಲೆ ಮೊದಲು ಯಾವ ಹೆಸರಿತ್ತು? ಈ ಮೂರು ಪ್ರಶ್ನೆಗಳಷ್ಟೇ ಸಾಕು. ಕೇಳಲು ದೊಡ್ಡ ವಿದ್ವಾಂಸರೇ ಬೇಕಾಗಿಲ್ಲ. ಹೈಸ್ಕೂಲಿನ ನಮ್ಮ ಮಕ್ಕಳಿಗೂ ಸಾಧ್ಯ. ಕೇಳುವುದು ಮಾತ್ರ ಈ ಹಿರಿಯರು ಗಲ್ಲಾದಲ್ಲಿ ಕುಳಿತಿರುವಾಗಲೇ ಆಗಬೇಕು.