‘ರೆಟರಿಕ್’ ಎಂದರೆ ಬರೀ ಬಾಯಿಮಾತೇ?

‘ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ.’ ಈ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಟೈಪ್ 1 ಮಧುಮೇಹ ಬಂದ ಮಗುವಿನ ತಾಯಿಯ ಮುಂದೆ ಯಾರಾದರೂ ಇದನ್ನು ಹೇಳಿದರೆ ಆಕೆಗೆ ಹೇಗನಿಸಬಹುದು? ಆ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುತ್ತದೆ. ಮಗು ಸಿಹಿ ತಿಂದದ್ದು ಅದಕ್ಕೆ ಕಾರಣವಲ್ಲ, ತಾಯಿ ಬಡಿಸಿದ್ದೂ ಅಲ್ಲ. ಆದರೂ ಗಾದೆ ಕಿವಿಗೆ ಬಿದ್ದ ಕೂಡಲೇ ಸರಿ ಅನ್ನಿಸುತ್ತದೆ. ಅದರ ಎರಡು ಭಾಗಗಳು ಒಂದೇ ಅಳತೆಯಲ್ಲಿವೆ, ಒಂದೇ ಲಯದಲ್ಲಿ ಮುಗಿಯುತ್ತವೆ. ಮೊದಲರ್ಧಕ್ಕೆ ತಲೆಯಾಡಿಸಿದವರು ಎರಡನೆಯದಕ್ಕೂ ತಲೆಯಾಡಿಸಿಬಿಡುತ್ತಾರೆ. ಮಾತಿನ ಕಟ್ಟೋಣವೇ ಕೇಳುಗರನ್ನು ಹೀಗೆ ಒಪ್ಪಿಸುವುದಕ್ಕೆ ಇಂಗ್ಲಿಷಿನಲ್ಲಿ ‘ರೆಟರಿಕ್’ ಎನ್ನುತ್ತಾರೆ.

ಈ ಪದದ ಬಗ್ಗೆ ವ್ಯಾಪಕವಾಗಿರುವ ತಪ್ಪು ತಿಳಿವಳಿಕೆಯೆಂದರೆ, ರೆಟರಿಕ್ ಎಂದರೆ ಸುಳ್ಳು ಅಥವಾ ಪೊಳ್ಳು ಮಾತು ಎಂಬುದು. ಸುದ್ದಿಗಳಲ್ಲಿ ನಾವು ಹೆಚ್ಚಾಗಿ ನೋಡುವ ಬಳಕೆ ಇದಕ್ಕೆ ಕಾರಣ. ‘ಎಂಪ್ಟಿ ರೆಟರಿಕ್’, ‘ಮಿಯರ್ ರೆಟರಿಕ್’ ಎಂದಾಗ ಅರ್ಥ ಬರೀ ಬಾಯಿಮಾತು ಎಂದೇ. ಆದರೆ ಗಮನಿಸಿ: ಅಲ್ಲಿ ಪೊಳ್ಳುತನವನ್ನು ಹೇಳುತ್ತಿರುವುದು ಹಿಂದಿನ ವಿಶೇಷಣ. ಪದದ ಮೂಲ ಅರ್ಥ, ಕೇಳುವವರ ಮನವೊಲಿಸುವಂತೆ ಮಾತನ್ನೋ ಬರಹವನ್ನೋ ಕಟ್ಟುವ ಕಲೆ. ನಿಜವನ್ನೂ ಹಾಗೆ ಕಟ್ಟಬಹುದು, ಸುಳ್ಳನ್ನೂ ಕಟ್ಟಬಹುದು.

ಉಚ್ಚಾರಣೆಯಲ್ಲೂ ಒಂದು ತೊಡಕಿದೆ. ನಮ್ಮಲ್ಲಿ ಅನೇಕರು ‘ರೆಟೋರಿಕ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಒತ್ತು ಬೀಳುವುದು ಮೊದಲ ಅಕ್ಷರದ ಮೇಲೆ: ರೆಟರಿಕ್. ವಿಶೇಷಣವಾದಾಗ ಮಾತ್ರ ಒತ್ತು ಮುಂದಕ್ಕೆ ಸರಿದು ‘ರಿಟಾರಿಕಲ್’ ಆಗುತ್ತದೆ. ‘ರಿಟಾರಿಕಲ್ ಕ್ವೆಶ್ಚನ್’ ಎಂದರೆ ಉತ್ತರ ಬಯಸದ ಪ್ರಶ್ನೆ. ‘ಬೆಂಕಿ ಮುಟ್ಟಿದರೆ ಸುಡದೇ ಇರುತ್ತದೆಯೇ?’ ಎಂದು ಕೇಳಿದವರಿಗೆ ಯಾರೂ ಉತ್ತರ ಕೊಡಲು ಹೋಗುವುದಿಲ್ಲ.

ವೈದ್ಯ ಮತ್ತು ಅಡುಗೆಯವ

ಗ್ರೀಕ್ ಭಾಷೆಯಲ್ಲಿ ‘ರೇಟೋರ್’ ಎಂದರೆ ಸಭೆಯಲ್ಲಿ ಮಾತಾಡುವವನು. ಪ್ರಾಚೀನ ಅಥೆನ್ಸ್‌ನಲ್ಲಿ ಮೊಕದ್ದಮೆ ಬಿದ್ದರೆ ನೂರಾರು ನಾಗರಿಕರು ಕುಳಿತ ನ್ಯಾಯಸಭೆಯ ಮುಂದೆ ತನ್ನ ವಾದವನ್ನು ತಾನೇ ಹೇಳಿಕೊಳ್ಳಬೇಕಿತ್ತು. ಹಾಗಾಗಿ ಮಾತು ಕಲಿಸುವ ಗುರುಗಳಿಗೂ, ಹಣ ಪಡೆದು ಭಾಷಣ ಬರೆದುಕೊಡುವವರಿಗೂ ಒಳ್ಳೆಯ ಬೇಡಿಕೆ ಇತ್ತು. ಪದಕ್ಕೆ ಕೆಟ್ಟ ಹೆಸರು ಅಂಟಿದ್ದೂ ಅಲ್ಲೇ. ಪ್ಲೇಟೋನ ‘ಗೋರ್ಗಿಯಾಸ್’ ಎಂಬ ಸಂವಾದದಲ್ಲಿ ಮಾತಿನ ಗುರು ಗೋರ್ಗಿಯಾಸ್ ಒಂದು ಅನುಭವ ಹೇಳಿಕೊಳ್ಳುತ್ತಾನೆ. ಅವನ ಸಹೋದರ ವೈದ್ಯ. ಔಷಧಿ ಕುಡಿಯಲು, ಶಸ್ತ್ರಚಿಕಿತ್ಸೆಗೆ ಮೈಯೊಡ್ಡಲು ಒಪ್ಪದ ರೋಗಿಗಳನ್ನು ವೈದ್ಯರಿಂದ ಒಪ್ಪಿಸಲಾಗದಾಗ ತಾನು ಒಪ್ಪಿಸಿದ್ದೇನೆ, ಅದೂ ಬರೀ ಮಾತಿನಿಂದ ಎನ್ನುತ್ತಾನೆ. ಸಾಕ್ರೆಟಿಸ್ ಇದನ್ನು ಮೆಚ್ಚುವುದಿಲ್ಲ. ಮಕ್ಕಳ ಮುಂದೆ ವೈದ್ಯನನ್ನೂ ಅಡುಗೆಯವನನ್ನೂ ನಿಲ್ಲಿಸಿ ಯಾವ ಆಹಾರ ಒಳ್ಳೆಯದು ಎಂದು ಕೇಳಿದರೆ ಅಡುಗೆಯವನೇ ಗೆಲ್ಲುತ್ತಾನೆ, ವೈದ್ಯ ಉಪವಾಸ ಸಾಯಬೇಕಾಗುತ್ತದೆ ಎಂಬುದು ಅವನ ವಾದ. ರೆಟರಿಕ್ ಆ ಅಡುಗೆಯವನಂತೆ, ನಾಲಿಗೆಗೆ ಹಿತವಾದದ್ದನ್ನೇ ಕೊಡುತ್ತದೆ ಎನ್ನುತ್ತಾನೆ.

ನಮಗೆ ಇಬ್ಬರ ಮಾತಿನಲ್ಲೂ ಹುರುಳು ಕಾಣುತ್ತದೆ. ಇಷ್ಟಕ್ಕೂ ಸಾಕ್ರೆಟಿಸ್ ಕೊಟ್ಟ ಅಡುಗೆಯವನ ಹೋಲಿಕೆಯೇ ಸೊಗಸಾದ ರೆಟರಿಕ್! ಪ್ಲೇಟೋನ ಶಿಷ್ಯ ಅರಿಸ್ಟಾಟಲ್ ಈ ಜಗಳಕ್ಕೆ ಬೇರೆ ದಾರಿ ಹಿಡಿದ. ಯಾವುದೇ ಸಂದರ್ಭದಲ್ಲಿ ಮನವೊಲಿಸಲು ಇರುವ ಸಾಧನಗಳನ್ನು ಗುರುತಿಸುವ ಸಾಮರ್ಥ್ಯವೇ ರೆಟರಿಕ್ ಎಂದ. ಹೇಳುವವನ ಮೇಲಿನ ನಂಬಿಕೆ, ಕೇಳುವವನ ಭಾವನೆ, ಮಾತಿನೊಳಗಿನ ತರ್ಕ, ಈ ಮೂರನ್ನು ಹೆಸರಿಸಿದ. ಸಂವಹನ ತರಗತಿಗಳಲ್ಲಿ ಇಂದಿಗೂ ಪಾಠ ಶುರುವಾಗುವುದು ಇಲ್ಲಿಂದಲೇ.

ಕಟ್ಟೋಣ ಬದಲಾದರೆ ತೀರ್ಮಾನವೂ ಬದಲು

1982ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಬಂದಿದೆ ಎಂದು ಊಹಿಸಿಕೊಂಡು ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆಯನ್ನು ಆರಿಸಲು ಹೇಳಲಾಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 100 ಜನರಲ್ಲಿ 90 ಮಂದಿ ಆ ಹಂತವನ್ನು ದಾಟಿ ಬದುಕುತ್ತಾರೆ ಎಂದು ಕೆಲವರಿಗೆ, 10 ಮಂದಿ ಸಾಯುತ್ತಾರೆ ಎಂದು ಉಳಿದವರಿಗೆ ತಿಳಿಸಿದರು. ಲೆಕ್ಕ ಒಂದೇ. ಆದರೂ ‘ಸಾಯುತ್ತಾರೆ’ ಎಂದು ಓದಿದವರಲ್ಲಿ ಶಸ್ತ್ರಚಿಕಿತ್ಸೆಯನ್ನು ಆರಿಸಿದವರು ಕಡಿಮೆಯಾದರು. ಭಾಗವಹಿಸಿದವರಲ್ಲಿ ವೈದ್ಯರೂ ಇದ್ದರು, ಅವರ ಆಯ್ಕೆಯೂ ಹೀಗೆಯೇ ವಾಲಿತು. ಅಂದರೆ ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ಪ್ರಾಸದ ಮೇಲೂ ಪರೀಕ್ಷೆ ನಡೆದಿದೆ. ಅಮೆರಿಕದ ಇಬ್ಬರು ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಷ್ಟಗಳು ವೈರಿಗಳನ್ನೂ ಒಂದುಗೂಡಿಸುತ್ತವೆ ಎಂಬ ಅರ್ಥದ ‘ವೋಸ್ ಯುನೈಟ್ ಫೋಸ್’ ಎಂಬ ಮಾತನ್ನು ಕೊಟ್ಟರು. ಅದೇ ಅರ್ಥ ಬರುವ, ಪ್ರಾಸವಿಲ್ಲದ ‘ವೋಸ್ ಯುನೈಟ್ ಎನಿಮೀಸ್’ ಎಂಬುದನ್ನೂ ಕೊಟ್ಟರು. ಒಟ್ಟಾರೆ ಪ್ರಾಸವಿದ್ದ ಮಾತುಗಳೇ ಹೆಚ್ಚು ನಿಜವೆಂದು ಜನರಿಗೆ ತೋರಿದವು. ಮಾತಿನ ಸೊಗಸನ್ನೂ ಅದು ಹೇಳುವ ವಿಷಯವನ್ನೂ ಬೇರ್ಪಡಿಸಿ ನೋಡಿ ಎಂದು ಮೊದಲೇ ಹೇಳಿದಾಗ ಈ ಪರಿಣಾಮ ತಗ್ಗಿತು. ವಾಟ್ಸ್‌ಆ್ಯಪ್‌ನಲ್ಲಿ ಬರುವ ಮನೆಮದ್ದಿನ ಸಂದೇಶಗಳಿಗೂ ಇದನ್ನೇ ಮಾಡಬಹುದು: ಪ್ರಾಸ, ಲಯ, ಹೆದರಿಕೆ ಎಲ್ಲ ತೆಗೆದು ಒಂದು ಸಪ್ಪೆ ವಾಕ್ಯವಾಗಿ ಬರೆದುಕೊಳ್ಳಿ. ‘ಸರಿಯಾಗಿ ಊಟ ಮಾಡಿದರೆ ಯಾವ ರೋಗವೂ ಬರುವುದಿಲ್ಲ’ ಎಂದು ಬರೆದ ಕೂಡಲೇ ‘ಯಾವ ರೋಗವೂ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಅಂದಹಾಗೆ, ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ನಮಗೆ ಭರವಸೆ ಕೊಡುವುದು ಇನ್ನೊಂದು ಗಾದೆಯೇ.

ಕನ್ನಡದಲ್ಲಿ ಏನೆನ್ನೋಣ?

ಒಂದೇ ಪದ ಸಾಲದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವನ್ನು ಇಂಗ್ಲಿಷ್ ಬರಹಗಳು ರೆಟರಿಕ್ ಕುರಿತ ಕೃತಿ ಎನ್ನುವುದುಂಟು. ಅಲ್ಲಿ ಅದು ಅಲಂಕಾರಶಾಸ್ತ್ರ. ಕಾವ್ಯದ ಗುಣದೋಷಗಳ ವಿಚಾರವೇ ಹೊರತು ಸಭೆಯನ್ನು ಗೆಲ್ಲುವ ಉಪಾಯವಲ್ಲ. ಒಳ್ಳೆಯ ಭಾಷಣಕಾರರ ಬಗ್ಗೆ ಹೇಳುವಾಗ ‘ವಾಗ್ಮಿತೆ’ ಅಥವಾ ‘ವಾಕ್ಚಾತುರ್ಯ’ ಸರಿಹೊಂದುತ್ತದೆ. ಆದರೆ ‘ಯುದ್ಧದ ರೆಟರಿಕ್’ ಎಂದು ಬಂದಾಗ ಅದನ್ನು ‘ಯುದ್ಧದ ವಾಕ್ಚಾತುರ್ಯ’ ಎಂದರೆ ಹೊಗಳಿದಂತಾಗುತ್ತದೆ. ಅಂಥ ಕಡೆ ನಾವು ‘ಮಾತಿನ ವರಸೆ’ ಎಂದು ಬರೆಯುತ್ತೇವೆ. ಕುಸ್ತಿಯ ವರಸೆಯಂತೆ ಅದನ್ನು ಕಲಿಯಬಹುದು, ಎದುರಾಳಿ ಹಾಕುವಾಗ ಗುರುತಿಸಲೂಬಹುದು.