ಹಾವು ಕಡಿತದ ಬಾವನ್ನು ಅಳೆದ ಬಗೆ

ಪ್ಯಾಟ್ರಿಕ್ ರಸೆಲ್ ಭಾರತದ ಹಾವುಗಳನ್ನು ಕುರಿತ ತನ್ನ ಗ್ರಂಥವನ್ನು 1796ರಲ್ಲಿ ಪ್ರಕಟಿಸಿದ ಕಾಲದಲ್ಲಿ, ಕಡಿತದ ತೀವ್ರತೆಯನ್ನು ಅಳೆಯಲು ವೈದ್ಯರಿಗೆ ಕಣ್ಣು ಮತ್ತು ಕೈಗಳೇ ಸಾಧನಗಳಾಗಿದ್ದವು. 1890ರ ದಶಕದಲ್ಲಿ ಆಲ್ಬೇರ್ ಕಾಲ್ಮೆಟ್ ಪ್ರತಿವಿಷವನ್ನು, ಎಂದರೆ ವಿಷ ಚುಚ್ಚಿದ ಪ್ರಾಣಿಯ ರಕ್ತದಿಂದ ತೆಗೆದ ಮದ್ದನ್ನು, ರೂಪಿಸಿದ ಮೇಲೆ ಅದನ್ನು ಯಾರಿಗೆ, ಯಾವಾಗ ಕೊಡಬೇಕೆಂಬ ನಿರ್ಣಯವೇ ಮುಖ್ಯವಾಯಿತು. ಗಾಜಿನ ನಳಿಕೆಯಲ್ಲಿಟ್ಟ ರಕ್ತವು 20 ನಿಮಿಷಗಳಲ್ಲಿ ಹೆಪ್ಪುಗಟ್ಟುವುದೇ ಎಂದು ನೋಡುವ ಸರಳ ಪರೀಕ್ಷೆಯು ಕೊಳಕುಮಂಡಲದಂಥ ಹಾವುಗಳ ವಿಷದ ಪರಿಣಾಮವನ್ನು ಸೂಚಿಸಿತಾದರೂ, ಊದಿದ ಕಾಲಿನ ಒಳಗಿನ ಸ್ಥಿತಿಯನ್ನು ಅದು ತಿಳಿಸಲಾರದು. ಶಬ್ದತರಂಗಗಳ ಪ್ರತಿಧ್ವನಿಯಿಂದ ಚಿತ್ರ ಮೂಡಿಸುವ ಅಲ್ಟ್ರಾಸೌಂಡ್ ಯಂತ್ರವು ರೋಗಿಯ ಹಾಸಿಗೆಯ ಬಳಿಗೇ ಬಂದ ಮೇಲೆ, ಬಾವು ಚರ್ಮದಡಿಯಲ್ಲಿಯೇ ನಿಂತಿದೆಯೋ ಸ್ನಾಯುವಿಗೂ ಇಳಿದಿದೆಯೋ ಎಂಬುದನ್ನು ಕಾಣುವುದು ಸಾಧ್ಯವಾಯಿತು. ಆದರೆ ಸ್ನಾಯುಪೊರೆಯನ್ನು ಸೀಳುವ ಶಸ್ತ್ರಕ್ರಿಯೆಯ ಅಗತ್ಯವನ್ನು ನಿರ್ಧರಿಸಲು ಬಾವಿನಿಂದ ಸ್ನಾಯುವಿನೊಳಗೆ ಏರುವ ಒತ್ತಡವನ್ನು ಸೂಜಿಯಿಂದ ನೇರವಾಗಿ ಅಳೆಯುವ ಕ್ರಮವು ಇಂದಿಗೂ ಉಳಿದಿದೆ.