ಹದಿನಾಲ್ಕು ವರ್ಷದ ಲೆಕ್ಕ



ತಾಳವಾಡಿ ಕಡೆಯ ಒಂದು ಹಳ್ಳಿಯಲ್ಲಿ ಕೆಲವು ವರ್ಷಗಳ ಹಿಂದೆ ಒಬ್ಬ ಅಜ್ಜಿ ನನ್ನನ್ನು ದಾರಿಯಲ್ಲೇ ನಿಲ್ಲಿಸಿ ಮಾತಾಡಿಸಿದರು. ಅವರ ಮಗ ಗಡಿ ದಾಟಿ ಚಾಮರಾಜನಗರದ ಕಡೆ ಕೂಲಿಗೆ ಹೋದವನು ಅಲ್ಲೇ ಒಂದು ಕೊಲೆಯಲ್ಲಿ ಭಾಗಿಯಾಗಿ, ಅಲ್ಲಿನ ಕೋರ್ಟಿನಲ್ಲೇ ಜೀವಾವಧಿ ಶಿಕ್ಷೆ ಪಡೆದು ಮೈಸೂರು ಜೈಲಿನಲ್ಲಿದ್ದ. ಮಗ ತಪ್ಪು ಮಾಡಿಲ್ಲ ಎಂದು ಅಜ್ಜಿ ಹೇಳಲಿಲ್ಲ. ಅವರು ಕೇಳಿದ್ದು ಲೆಕ್ಕ. “ಹದಿನಾಲ್ಕು ವರ್ಸ ತುಂಬ್ತು ಮೇಷ್ಟ್ರೇ. ರಾಮದೇವ್ರೇ ವನವಾಸ ಮುಗ್ಸಿ ಊರ್ಗೆ ಬಂದ. ನನ್ನ ಮಗ ಯಾಕ್ ಬರ್ನಿಲ್ಲ?”

ಈ ಹದಿನಾಲ್ಕರ ಲೆಕ್ಕ ಆ ಅಜ್ಜಿಯೊಬ್ಬರದೇ ಅಲ್ಲ. ಕಾಸರಗೋಡಿನವರು ‘ಜೀವಪರ್ಯಂತಂ’ ಎನ್ನುವುದನ್ನು ಕೇಳಿದ್ದೀರಿ, ಸೊಲ್ಲಾಪುರ, ಜತ್ತದವರು ‘ಜನ್ಮಠೇಪ’ ಎನ್ನುವುದನ್ನು ಕೇಳಿದ್ದೀರಿ, ಆದೋನಿ, ರಾಯದುರ್ಗದವರಿಗೆ ‘ಯಾವಜ್ಜೀವ ಶಿಕ್ಷೆ’ ಗೊತ್ತು. ಯಾವ ಭಾಷೆಯಲ್ಲಿ ಹೇಳಿದರೂ ಆ ಮಾತಿನಲ್ಲಿ ಜೀವ ಇರುವ ತನಕ, ಜನ್ಮ ಮುಗಿಯುವ ತನಕ ಎಂಬ ಅರ್ಥವೇ ಇದೆ. ಆದರೂ ಕಟ್ಟೆಯ ಮೇಲೆ ಕೂತವರೆಲ್ಲ ಹದಿನಾಲ್ಕು ಎಂದೇ ಹೇಳುತ್ತಾರೆ. ಈ ಅಂಕಿ ಎಲ್ಲಿಂದ ಬಂತು?

1860ರ ಭಾರತೀಯ ದಂಡ ಸಂಹಿತೆಯಿಂದ ಬಂತು. ಅದರ 55ನೆಯ ಕಲಮಿನಲ್ಲಿ, ಜೀವಾವಧಿ ಶಿಕ್ಷೆಯನ್ನು ಸರಕಾರ ಹದಿನಾಲ್ಕು ವರ್ಷಕ್ಕೆ ಮೀರದ ಸೆರೆವಾಸವಾಗಿ ಬದಲಾಯಿಸಬಹುದು ಎಂದಿತ್ತು. ಬದಲಾಯಿಸಲೇಬೇಕು ಎಂದಿರಲಿಲ್ಲ. ಎರಡು ಕಲಮು ಮುಂದೆ ಇನ್ನೊಂದು ಅಂಕಿ ಇತ್ತು: ಶಿಕ್ಷೆಯ ಅರ್ಧ, ಕಾಲು ಎಂದು ಭಾಗ ಮಾಡುವಾಗ ಮಾತ್ರ ಜೀವಾವಧಿಯನ್ನು ಇಪ್ಪತ್ತು ವರ್ಷವೆಂದು ಎಣಿಸಬೇಕು. ಈ ಎರಡು ಅಂಕಿಗಳು ಕಾನೂನಿನ ಪುಸ್ತಕದಿಂದ ಜೈಲಿಗೆ, ಜೈಲಿನಿಂದ ಊರಿಗೆ ಬರುವಷ್ಟರಲ್ಲಿ ‘ಬಹುದು’ ಎಂಬುದು ಉದುರಿಹೋಗಿ ಅಂಕಿ ಮಾತ್ರ ಉಳಿಯಿತು.

ಅಂದಿನ ಜೀವಾವಧಿ ಎಂದರೆ ನಾಲ್ಕು ಗೋಡೆಯ ಜೈಲೂ ಅಲ್ಲ. ಅದು ದ್ವೀಪಾಂತರ, ಜನರ ಬಾಯಲ್ಲಿ ಕರಿನೀರು. ಕಂಪನಿ ಸರಕಾರ ಹದಿನೆಂಟನೆಯ ಶತಮಾನದ ಕೊನೆಯಿಂದಲೇ ಕೈದಿಗಳನ್ನು ಸುಮಾತ್ರಾದ ಬೆಂಕುಲೆನ್, ಪಿನಾಂಗ್‌ಗಳಿಗೆ ಹಡಗಿನಲ್ಲಿ ಕಳಿಸುತ್ತಿತ್ತು, ಆಮೇಲೆ ಸಿಂಗಪುರಕ್ಕೆ. ಸಿಂಗಪುರದ ಹಳೆಯ ರಸ್ತೆ, ಕಟ್ಟಡಗಳಲ್ಲಿ ನಮ್ಮ ದೇಶದ ಕೈದಿಗಳ ಬೆವರಿದೆ. 1858ರಲ್ಲಿ ಅಂಡಮಾನಿನ ಪೋರ್ಟ್‌ಬ್ಲೇರ್ ಕೈದಿಗಳ ನೆಲೆಯಾಯಿತು. ಅಲ್ಲಿನ ಸೆಲ್ಯುಲರ್ ಜೈಲು ಕಟ್ಟಿ ಮುಗಿದದ್ದು 1906ರಲ್ಲಿ. ಒಳ್ಳೆಯ ನಡತೆ ತೋರಿಸಿದವನಿಗೆ ಕೆಲವು ವರ್ಷಗಳ ನಂತರ ದ್ವೀಪದಲ್ಲೇ ಸ್ವಂತ ದುಡಿದು ತಿನ್ನಲು ಬಿಡುತ್ತಿದ್ದರು. ಅದಕ್ಕೊಂದು ಚೀಟಿ ಕೊಡುತ್ತಿದ್ದರು. ಶಿಕ್ಷೆ ಮುಗಿಯದೆಯೇ ಅರ್ಧ ಬಿಡುಗಡೆ ಎಂಬ ಈ ಯೋಚನೆ ಇಂದಿನ ಪೆರೋಲಿಗೆ ದೂರದ ಅಜ್ಜ ಇದ್ದಂತೆ. 1919-20ರ ಜೈಲು ಸಮಿತಿ ಅಂಡಮಾನಿಗೆ ಕಳಿಸುವುದನ್ನು ನಿಲ್ಲಿಸಬೇಕೆಂದು ಹೇಳಿತು. ಆದರೂ 1921ರ ಮಲಬಾರ್ ದಂಗೆಯ ನಂತರ ಮಾಪಿಳ್ಳೆ ಕೈದಿಗಳನ್ನು ಅಲ್ಲಿಗೆ ಸಾಗಿಸಿದರು. ಮಂಜೇರಿ, ವಂಡೂರು ಎಂಬ ಊರ ಹೆಸರುಗಳು ಅಂಡಮಾನಿನಲ್ಲಿ ಇಂದಿಗೂ ಇರುವುದು ಹಾಗೆ.

ಕಾಸರಗೋಡಿನ ಕೇಳುಗರಿಗೆ ಕಯ್ಯೂರಿನ ಕಥೆ ಹೇಳಬೇಕಾಗಿಲ್ಲ. 1941ರ ಮಾರ್ಚಿನಲ್ಲಿ ರೈತರ ಮೆರವಣಿಗೆಯ ನಡುವೆ ಒಬ್ಬ ಪೊಲೀಸ್ ಪೇದೆ ಹೊಳೆಯಲ್ಲಿ ಸತ್ತ. ಆಗ ಕಯ್ಯೂರು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ವಿಚಾರಣೆ ಮಂಗಳೂರಿನಲ್ಲಿ ನಡೆಯಿತು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೆ ಹಾಕಿದರು. ಐದನೆಯವನು ಪ್ರಾಯಕ್ಕೆ ಬಂದಿರದ ಹುಡುಗನೆಂದು ಗಲ್ಲು ತಪ್ಪಿ ಸೆರೆವಾಸಕ್ಕೆ ಹೋದ. ನಿರಂಜನರ ‘ಚಿರಸ್ಮರಣೆ’ ಓದಿದವರಿಗೆ ಆ ನಾಲ್ವರು ನೆನಪಿರುತ್ತಾರೆ. ನನಗೆ ಮಾತ್ರ ಆಗಾಗ ನೆನಪಾಗುವವನು ಆ ಐದನೆಯವನೇ. ನೇಣಿಗೂ ಜೀವಾವಧಿಗೂ ನಡುವಿನ ಗೆರೆ ಎಷ್ಟು ಸಣ್ಣದು!

ಸ್ವಾತಂತ್ರ್ಯ ಬಂದ ಮೇಲೂ ಕಾನೂನಿನ ಪುಟದಲ್ಲಿ ‘ದ್ವೀಪಾಂತರ’ ಎಂಬ ಮಾತು ಹಾಗೇ ಇತ್ತು. ಅದನ್ನು ತೆಗೆದು ‘ಜೀವಾವಧಿ ಸೆರೆವಾಸ’ ಎಂದು ಬರೆದದ್ದು 1955ರ ತಿದ್ದುಪಡಿ. ಜಾರಿಗೆ ಬಂದದ್ದು 1956ರ ಜನವರಿ 1ರಂದು. ಅದೇ ವರ್ಷದ ನವೆಂಬರ್ 1ರಂದು ನಮ್ಮ ನಿಮ್ಮ ಊರುಗಳ ನಡುವೆ ರಾಜ್ಯಗಳ ಗೆರೆ ಬಿತ್ತು. ಈ ಎರಡು ಬದಲಾವಣೆಗಳಿಗೆ ಸಂಬಂಧವಿಲ್ಲ. ಆದರೆ ಆ ಅಜ್ಜಿಯ ಮಗನ ವಿಷಯದಲ್ಲಿ ಎರಡೂ ಬಂದು ಸೇರಿಕೊಂಡವು. ಅದನ್ನು ಆಮೇಲೆ ಹೇಳುತ್ತೇನೆ.

ಜೀವಾವಧಿ ಎಂದರೆ ಎಷ್ಟು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ನೇರವಾಗಿ ಬಂದದ್ದು 1961ರಲ್ಲಿ. ಗಾಂಧೀಜಿಯ ಹತ್ಯೆಯ ಮೊಕದ್ದಮೆಯಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ ಗೋಪಾಲ ಗೋಡ್ಸೆ ಒಂದು ಲೆಕ್ಕ ಒಪ್ಪಿಸಿದ. ಜೈಲಿನಲ್ಲಿ ಕಳೆದ ದಿನಗಳಿಗೆ ಒಳ್ಳೆಯ ನಡತೆಯಿಂದ ಗಳಿಸಿದ ಮಾಫಿಯ ದಿನಗಳನ್ನು ಕೂಡಿಸಿದರೆ ಇಪ್ಪತ್ತು ವರ್ಷ ತುಂಬುತ್ತದೆ, ಬಿಡಿ ಎಂದ. ನ್ಯಾಯಾಲಯ ಒಪ್ಪಲಿಲ್ಲ. ಜೀವಾವಧಿ ಎಂದರೆ ಕೈದಿಯ ಉಳಿದ ಬದುಕು ಪೂರ್ತಿ, ಗಳಿಸಿದ ಮಾಫಿಯನ್ನು ಸರಕಾರ ಪರಿಗಣಿಸಬಹುದು, ಆದರೆ ಸರಕಾರದ ಆಜ್ಞೆ ಇಲ್ಲದೆ ಬಾಗಿಲು ತೆರೆಯುವುದಿಲ್ಲ ಎಂದಿತು. 1964ರಲ್ಲಿ ಸರಕಾರ ಅವನನ್ನು ಬಿಟ್ಟಿತು, ಆ ಮಾತು ಬೇರೆ. ತೀರ್ಪು ಇಂದಿಗೂ ಬುನಾದಿ.

ಹಾಗಾದರೆ ಸರಕಾರಗಳು ಯಾವಾಗ ಬಿಡುತ್ತಿದ್ದವು? ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ. ಕೊಲೆ ಮಾಡಿದವರು ಬಹಳ ಬೇಗ ಹೊರಗೆ ಬರುತ್ತಿದ್ದಾರೆ ಎಂಬ ದೂರು ಹೆಚ್ಚಾಗಿ, ಪಾರ್ಲಿಮೆಂಟು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಗೆ 433-ಎ ಎಂಬ ಕಲಮು ಸೇರಿಸಿತು. ಅದು 1978ರ ಡಿಸೆಂಬರ್ 18ರಿಂದ ಜಾರಿಗೆ ಬಂತು. ಮರಣದಂಡನೆ ಕೊಡಬಹುದಾದ ಅಪರಾಧಕ್ಕೆ ಜೀವಾವಧಿ ಆಗಿದ್ದರೆ, ಅಥವಾ ಗಲ್ಲು ಜೀವಾವಧಿಯಾಗಿ ಇಳಿದಿದ್ದರೆ, ಕನಿಷ್ಠ ಹದಿನಾಲ್ಕು ವರ್ಷ ನಿಜವಾಗಿ ಜೈಲಿನೊಳಗೆ ಕಳೆಯಬೇಕು; ಮಾಫಿಯ ದಿನಗಳು ಆ ಹದಿನಾಲ್ಕಕ್ಕೆ ಸೇರುವುದಿಲ್ಲ. ನೋಡಿ, 1860ರಲ್ಲಿ ಮೇಲಿನ ಮಿತಿಯಾಗಿದ್ದ ಅಂಕಿ 1978ರಲ್ಲಿ ಕೆಳಗಿನ ಮಿತಿಯಾಯಿತು. ಊರವರು ಮಾತ್ರ ಅದನ್ನೇ ಬಿಡುಗಡೆಯ ದಿನವೆಂದುಕೊಂಡರು. ಹದಿನಾಲ್ಕು ತುಂಬಿದರೆ ಅರ್ಜಿ ಪರಿಶೀಲನೆಗೆ ಬರುತ್ತದೆ, ಅಷ್ಟೇ.

1980ರಲ್ಲಿ ಮಾರು ರಾಮ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿಯಿತು, ಜಾರಿಗೆ ಮುಂಚೆ ಶಿಕ್ಷೆಯಾದವರಿಗೆ ಅನ್ವಯಿಸದು ಎಂದೂ ಹೇಳಿತು. ರಾಷ್ಟ್ರಪತಿ, ರಾಜ್ಯಪಾಲರ ಕ್ಷಮಾದಾನದ ಅಧಿಕಾರ ಈ ಕಲಮಿಗೆ ಕಟ್ಟುಬಿದ್ದಿಲ್ಲ. ತಾಳವಾಡಿ, ಮಾದೇಶ್ವರ ಬೆಟ್ಟದ ಸುತ್ತಿನವರಿಗೆ 1993ರ ಏಪ್ರಿಲ್ 9ರ ಪಾಲಾರ್ ಸ್ಫೋಟ ಮರೆತಿಲ್ಲ. ಇಪ್ಪತ್ತೆರಡು ಜನ ಸತ್ತರು. ವೀರಪ್ಪನ್‌ನ ನಾಲ್ವರು ಸಹಚರರಿಗೆ ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ಜೀವಾವಧಿ ಕೊಟ್ಟಿತು, 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗಲ್ಲಿಗೆ ಏರಿಸಿತು. ದಯಾಭಿಕ್ಷೆಯ ಅರ್ಜಿ ವರ್ಷಗಟ್ಟಲೆ ಕೊಳೆತಿತ್ತೆಂಬ ಕಾರಣಕ್ಕೆ 2014ರ ಜನವರಿ 21ರಂದು ಅದೇ ನ್ಯಾಯಾಲಯ ಮತ್ತೆ ಜೀವಾವಧಿಗೆ ಇಳಿಸಿತು. ಇನ್ನೊಂದು ಕಡೆ, ಬೆಂಗಳೂರಿನ ಶ್ರದ್ಧಾನಂದ ಮೊಕದ್ದಮೆಯಲ್ಲಿ 2008ರಲ್ಲಿ ಹೊಸ ದಾರಿ ಹುಟ್ಟಿತು: ಗಲ್ಲಿಲ್ಲ, ಆದರೆ ಮಾಫಿಯೂ ಇಲ್ಲ, ಸಾಯುವವರೆಗೆ ಜೈಲು. ಇಂಥ ಶಿಕ್ಷೆಯನ್ನು ಹೈಕೋರ್ಟು, ಸುಪ್ರೀಂ ಕೋರ್ಟುಗಳು ಮಾತ್ರ ಕೊಡಬಹುದೆಂದು 2015ರಲ್ಲಿ ಸಂವಿಧಾನ ಪೀಠ ಹೇಳಿತು.

ಇನ್ನು ಪೆರೋಲು. ಮಾತು ಫ್ರೆಂಚರದು, ಅರ್ಥ ‘ಕೊಟ್ಟ ಮಾತು’. ಹೊರದೇಶಗಳಲ್ಲಿ ಪೆರೋಲೆಂದರೆ ನಿಗಾದ ಮೇಲೆ ಅವಧಿಗೆ ಮುಂಚೆ ಬಿಡುವುದು. ನಮ್ಮಲ್ಲಿ ಹಾಗಲ್ಲ, ಅದೊಂದು ರಜೆ. ಮನೆಯಲ್ಲಿ ಸಾವು, ಮದುವೆ, ಕಾಯಿಲೆ ಎಂದರೆ ಕೆಲವು ದಿನ ಬಿಟ್ಟು ವಾಪಸು ಕರೆಸಿಕೊಳ್ಳುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆಯವರಿಗೆ 1959ರ ಮುಂಬಯಿ ನಿಯಮಗಳು. ಅದರಲ್ಲಿ ಫರ್ಲೋ ಎಂಬುದು ಬೇರೆ, ಪೆರೋಲು ಬೇರೆ. ಫರ್ಲೋಗೆ ವಿಶೇಷ ಕಾರಣ ಬೇಡ, ಆ ದಿನಗಳು ಶಿಕ್ಷೆಯಲ್ಲೇ ಎಣಿಕೆಯಾಗುತ್ತವೆ. ಪೆರೋಲಿನ ದಿನಗಳು ಎಣಿಕೆಯಾಗುವುದಿಲ್ಲ. ತಮಿಳುನಾಡಿನ 1982ರ ನಿಯಮಗಳಲ್ಲಿ ಸಾಧಾರಣ ರಜೆ, ತುರ್ತು ರಜೆ ಎಂದೇ ಹೆಸರು. ಗೋವಾದ ಕೈದಿಗಳ ಮೊಕದ್ದಮೆಯೊಂದರಲ್ಲಿ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಹದಿನಾಲ್ಕು ವರ್ಷ ಎಣಿಸುವಾಗ ಪೆರೋಲಿನ ಕಾಲವನ್ನು ಕಳೆಯಬೇಕೆಂದು ತೀರ್ಪು ಕೊಟ್ಟಿತು. ಮಗಳ ಮದುವೆಗೆ ಬಂದುಹೋದ ದಿನಗಳನ್ನು ಕೊನೆಯಲ್ಲಿ ಜೈಲಿನಲ್ಲಿ ತೀರಿಸಬೇಕು.

ಈಗ ಅಜ್ಜಿಯ ಮಾತಿಗೆ ಬರೋಣ. ಅವರ ಮನೆಯವರು ಅರ್ಜಿ ಬರೆಸಿದ್ದರು, ಒಂದಲ್ಲ, ಮೂರು. ಒಬ್ಬ ಮಧ್ಯವರ್ತಿ ಪ್ರತಿ ಸಲ ದುಡ್ಡು ತೆಗೆದುಕೊಂಡು ಮೂರನ್ನೂ ಚೆನ್ನೈಗೆ ಕಳಿಸಿದ್ದ. ರೇಷನ್ ಕಾರ್ಡು ತಮಿಳುನಾಡಿನದು, ಊರು ತಮಿಳುನಾಡಿನದು. ಅರ್ಜಿ ಬೇರೆಲ್ಲಿಗೆ ಹೋದೀತು ಎಂದು ಅವರ ಎಣಿಕೆ. ಎರಡು ವರ್ಷ ಉತ್ತರವಿಲ್ಲ. ಕಾನೂನಿನಲ್ಲಿ ಕೈದಿಯ ಊರು ಮುಖ್ಯವಲ್ಲ, ಅಪರಾಧ ನಡೆದ ಜಾಗವೂ ಅಲ್ಲ. ಶಿಕ್ಷೆ ವಿಧಿಸಿದ ಕೋರ್ಟು ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಸರಕಾರವೇ ಮಾಫಿ ಕೊಡಬೇಕು. ಬಿಲ್ಕಿಸ್ ಬಾನೊ ಪ್ರಕರಣದಲ್ಲಿ ದೊಡ್ಡ ಸರಕಾರವೇ ಇದರಲ್ಲಿ ಎಡವಿತು. ಅಪರಾಧ ಗುಜರಾತಿನದು, ವಿಚಾರಣೆ ನಡೆದದ್ದು ಮುಂಬಯಿಯಲ್ಲಿ. 2022ರ ಆಗಸ್ಟ್ 15ರಂದು ಗುಜರಾತ್ ಸರಕಾರ ಹನ್ನೊಂದು ಮಂದಿಯನ್ನು ಬಿಟ್ಟಿತು. ಆ ಅಧಿಕಾರ ಮಹಾರಾಷ್ಟ್ರದ್ದೆಂದು 2024ರ ಜನವರಿ 8ರಂದು ಸುಪ್ರೀಂ ಕೋರ್ಟು ಹೇಳಿ ಎಲ್ಲರನ್ನೂ ಮತ್ತೆ ಜೈಲಿಗೆ ಕಳಿಸಿತು. ಸರಕಾರಕ್ಕೇ ತಪ್ಪುವ ಲೆಕ್ಕ ಅಜ್ಜಿಗೆ ತಪ್ಪಿದರೆ ಏನಾಶ್ಚರ್ಯ?

2024ರ ಜುಲೈ 1ರಿಂದ ಸಂಹಿತೆಗಳ ಹೆಸರು ಬದಲಾಗಿವೆ. 433-ಎ ಈಗ ನಾಗರಿಕ ಸುರಕ್ಷಾ ಸಂಹಿತೆಯ 475. ಹದಿನಾಲ್ಕರ ನಿಯಮ ಹಾಗೇ ಇದೆ. ಮಾಫಿಯ ನೀತಿ ಇರುವ ರಾಜ್ಯಗಳು ಅರ್ಹ ಕೈದಿಗಳ ವಿಷಯವನ್ನು ಅರ್ಜಿ ಇಲ್ಲದಿದ್ದರೂ ತಾವಾಗಿಯೇ ಪರಿಶೀಲಿಸಬೇಕೆಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬರೆಸುವುದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೈದಿಗೆ ವಕೀಲರ ನೆರವು ಪುಕ್ಕಟೆ. ಮಧ್ಯವರ್ತಿಗೆ ಕಾಸು ಕೊಡಬೇಕಾಗಿಲ್ಲ.

ನಾಲ್ಕನೆಯ ಅರ್ಜಿ ಮೈಸೂರು ಜೈಲಿನ ಮೂಲಕ ಬೆಂಗಳೂರಿಗೆ ಹೋಯಿತು. ಕೊಲೆಯಾದವನ ಊರಿಗೂ ಪೊಲೀಸರು ವಿಚಾರಣೆಗೆ ಹೋದರು. ಅವನ ಹೆಂಡತಿ, ಬಿಡುವುದು ಬೇಡ ಎಂದು ಹೇಳಿಕೆ ಕೊಟ್ಟರಂತೆ. ಆಕೆಯನ್ನು ತಪ್ಪೆನ್ನಲು ನನ್ನಿಂದಾಗದು. ಅಜ್ಜಿಗೆ ಇದನ್ನು ತಿಳಿಸಿದಾಗ ಅವರು ಸುಮ್ಮನೆ ತಲೆಯಾಡಿಸಿದರು. “ಅವ್ಳೂ ಕಾಯ್ತಾವ್ಳೆ ಮೇಷ್ಟ್ರೇ, ನಾನೂ ಕಾಯ್ತಾ ಇವ್ನಿ” ಎಂದು, ಮುಂದಿನ ಅರ್ಜಿ ಯಾವಾಗ ಹಾಕಬಹುದೆಂದು ಕೇಳಿದರು.